ಷಡ್ಡಕರ ಡೈರಿಯಲ್ಲಿ ನನ್ನ ಪಿಎಸ್‌ಎ

ರಕ್ತಪರೀಕ್ಷೆಯ ವರದಿಯಲ್ಲಿ ನನ್ನ ಪಿಎಸ್‌ಎ 6.8 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿ ಬಂದಾಗಿನಿಂದ ನನಗಿಂತ ಹೆಚ್ಚು ನಿದ್ದೆಗೆಟ್ಟವರೆಂದರೆ ನನ್ನ ಷಡ್ಡಕರು. ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಅವರು ಬಂಧುಬಳಗದವರ ಸಕ್ಕರೆ, ಬಿ.ಪಿ., ಥೈರಾಯ್ಡ್‌ಗಳನ್ನೆಲ್ಲ ಜೇಬಿನ ಡೈರಿಯಲ್ಲಿ ಬರೆದಿಡುತ್ತಾರೆ.

"ನಾಲ್ಕರೊಳಗೆ ಇರಬೇಕಿತ್ತಲ್ಲ ಭಾವ, ಉಳಿದ 2.8ಕ್ಕೆ ವಿವರಣೆ ಏನು?" ಎಂಬುದು ಅವರ ಮೊದಲ ಆಕ್ಷೇಪಣೆ. ಪಿಎಸ್‌ಎ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು, ವಯಸ್ಸಾದಂತೆ ಗ್ರಂಥಿ ಊದಿಕೊಂಡರೂ ಮೂತ್ರದ ಸೋಂಕಾದರೂ ಅದು ಏರುತ್ತದೆ, ಏರಿದ್ದೆಲ್ಲ ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಒಪ್ಪಿಸಿದೆ. ಸೈಕಲ್ ತುಳಿದರೂ ಸ್ವಲ್ಪ ಏರಬಹುದೆಂದು ತಿಳಿದ ಕೂಡಲೇ "ಸೈಕಲ್: ಇಲ್ಲ" ಎಂದು ಅವರು ದಾಖಲಿಸಿಕೊಂಡರು.

ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಕಳೆದ ವಾರ ಗೃಹಪ್ರವೇಶವೊಂದರ ಪಂಕ್ತಿಯಲ್ಲಿ, ನನ್ನ ಎಡಕ್ಕೆ ಬೀಗರು, ಎದುರಿಗೆ ಪುರೋಹಿತರು ಕುಳಿತಿರುವಾಗ, ಅವರು ಎಡಗೈಯಲ್ಲಿ ಡೈರಿ ಬಿಡಿಸಿ, ಕಿವಿ ಮಂದವಾದವರ ಎತ್ತರದ ದನಿಯಲ್ಲಿ, "ಭಾವ, ರಕ್ತ ಕೊಡುವ ಹಿಂದಿನ ಎರಡು ದಿನ ಸಂಯಮದಿಂದ ಇದ್ದಿರಾ? ಇಲ್ಲದಿದ್ದರೂ ಏರುತ್ತದಂತೆ!" ಎಂದು ಕೇಳಿದರು. ಸಾರು ಬಡಿಸುತ್ತಿದ್ದ ಹುಡುಗನ ಸೌಟು ನನ್ನ ಎಲೆಯ ಮೇಲೆಯೇ ನಿಂತಿತು. ಪುರೋಹಿತರು ಉಪ್ಪಿನಕಾಯಿಯನ್ನು ತದೇಕಚಿತ್ತದಿಂದ ನೋಡತೊಡಗಿದರು. ಉತ್ತರ ಬಾರದಿದ್ದಾಗ ಷಡ್ಡಕರು "ಮಾಹಿತಿ ಲಭ್ಯವಿಲ್ಲ" ಎಂದು ಬರೆದುಕೊಂಡರು.

ನನ್ನ ತಂದೆ ರಾತ್ರಿ ಮೂರು ನಾಲ್ಕು ಬಾರಿ ಎದ್ದು ಮೂತ್ರಕ್ಕೆಂದು ಹಿತ್ತಲಿಗೆ ಹೋಗುತ್ತಿದ್ದರು. ಇದೇ ಗ್ರಂಥಿಯ ಕಾಟವಿರಬಹುದೆಂದು ಹೊಳೆಯದೆ, ವಯಸ್ಸಾಯಿತು ಎಂದುಕೊಂಡು ನಾವು ಲಾಟೀನು ಹಿಡಿದು ನಿಲ್ಲುತ್ತಿದ್ದೆವು. ಅವರನ್ನು ಯಾರೂ ಏನೂ ಕೇಳಲಿಲ್ಲ, ಕೇಳಬೇಕಾಗಿದ್ದ ಡಾಕ್ಟರೂ ಸಹ.

ಕೆಲವು ವಾರಗಳ ನಂತರದ ಮರುಪರೀಕ್ಷೆಯಲ್ಲಿಯೂ ಅಂಕಿ ಇಳಿಯಲಿಲ್ಲ, ಎಂಆರ್‌ಐಯಲ್ಲಿ ಅನುಮಾನದ ಕಲೆಯೊಂದು ಕಂಡಿತು, ಹೀಗಾಗಿ ಬಯಾಪ್ಸಿ ನಿಗದಿಯಾಯಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಂದು ನಿಲ್ಲಿಸಬೇಕೆಂಬುದನ್ನು ಹೃದಯದ ಡಾಕ್ಟರನ್ನೂ ಕೇಳಿಯೇ ತೀರ್ಮಾನಿಸಬೇಕು, ಸೋಂಕು ತಡೆಯಲು ಆಂಟಿಬಯಾಟಿಕ್ ನುಂಗಬೇಕು, ಅಂದು ಬೆಳಿಗ್ಗೆ ಎನಿಮಾ ತೆಗೆದುಕೊಳ್ಳಬೇಕು. ಪರೀಕ್ಷೆಗೆಂದು ಗ್ರಂಥಿಯಿಂದ ಸೂಜಿಯಲ್ಲಿ ಹನ್ನೆರಡು ಚೂರು ತೆಗೆಯುತ್ತಾರಂತೆ. ಆಮೇಲೆ ಕೆಲವು ದಿನ ಮೂತ್ರದಲ್ಲಿ ರಕ್ತ ಕಂಡರೆ ಗಾಬರಿ ಬೇಡ, ಆದರೆ ಚಳಿಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಕ್ಯಾನ್ಸರ್ ಸಿಕ್ಕರೆ ಅದಕ್ಕೆ ಗ್ಲೀಸನ್ ಅಂಕ ಕೊಡುತ್ತಾರೆಂದು ಕೇಳಿ ಷಡ್ಡಕರ ಮುಖ ಅರಳಿತು: "ಹತ್ತಕ್ಕೆ ಆರು ಬಂದರೂ ಫಸ್ಟ್ ಕ್ಲಾಸ್ ಅಲ್ಲವೇ ಭಾವ?" ಆರರಿಂದ ಮೇಲೇರಿದಷ್ಟೂ ರೋಗ ಉಗ್ರ ಎಂದು ವಿವರಿಸಿದೆ. ಬೇಸರದಿಂದ ತಲೆಯಾಡಿಸಿ, ಅಡಿಕೋಲು ಕೇಳಿ ಪಡೆದು, ಅವರು ಹನ್ನೆರಡು ಚೂರುಗಳಿಗೆ ಹನ್ನೆರಡು ಅಂಕಣ ಎಳೆಯತೊಡಗಿದರು.