ಬಂದೂಕು ಹಡಗಿನಲ್ಲೇ ಇರಲಿ, ಅಕ್ಕಿ ದಡ ಸೇರಲಿ

ಮನೆ ಕೊಚ್ಚಿಹೋಗಿ ಮಕ್ಕಳು ಹಸಿದು ಕೂತಿರುವಾಗ, ನೆರವು ಹೊತ್ತು ತಂದವರಿಗೆ ಸರ್ಕಾರವೊಂದು ಷರತ್ತು ಹಾಕುವುದೇ ಅಮಾನವೀಯ ಎಂದು ನಾನು ಬಹಳ ವರ್ಷ ನಂಬಿದ್ದೆ. 2005ರ ಜನವರಿಯಲ್ಲಿ ಇಂಡೊನೇಷ್ಯಾ ಸರ್ಕಾರ, ವಿದೇಶಿ ಸೈನಿಕರೆಲ್ಲ ಮಾರ್ಚ್ 26ರೊಳಗೆ ಹೊರಡಬೇಕು ಎಂದಾಗ ಮೈ ಉರಿದಿತ್ತು. ಸುನಾಮಿ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಅಚೇ ಪ್ರಾಂತ್ಯದಲ್ಲಿ ಹೆಣ ಎತ್ತುವ ಕೆಲಸವೇ ಮುಗಿದಿರಲಿಲ್ಲ. ಸತ್ತವರು, ಕಾಣೆಯಾದವರು ಸೇರಿ ಆ ಒಂದು ದೇಶದಲ್ಲೇ ಸುಮಾರು 1.7 ಲಕ್ಷ ಜನ. ಅಂಥ ಹೊತ್ತಿನಲ್ಲಿ ಉಪಾಧ್ಯಕ್ಷ ಜುಸುಫ್ ಕಲ್ಲಾ, ಮೂರು ತಿಂಗಳು ಸಾಕು, ಬೇಗ ಹೋದಷ್ಟೂ ಒಳ್ಳೆಯದು ಎಂದರು. ಬಂದವರಿಗೆ ನೀರು ಕೊಡುವ ಮೊದಲೇ ಬಾಗಿಲು ತೋರಿಸಿದಂತೆ ಅನ್ನಿಸಿತ್ತು ನನಗೆ.

ಈಗ ಅಷ್ಟು ಸಲೀಸಾಗಿ ಬಯ್ಯಲಾರೆ. ಅಚೇಯ ಹಿಂದಿನ ಕಥೆ ಓದುತ್ತಾ ಹೋದಂತೆ ಸಿಟ್ಟಿನ ಜಾಗದಲ್ಲಿ ಬೇರೆಯದೇ ಒಂದು ಪ್ರಶ್ನೆ ಬಂದು ಕೂತಿದೆ.

ಅಲ್ಲಿ ಆಗ ಯುದ್ಧ ನಡೆಯುತ್ತಿತ್ತು. ಸ್ವತಂತ್ರ ಅಚೇ ಚಳವಳಿಯ ಬಂಡುಕೋರರು 1976ರಿಂದಲೂ ಸರ್ಕಾರದ ವಿರುದ್ಧ ನಿಂತಿದ್ದರು. 2003ರ ಮೇ ತಿಂಗಳಲ್ಲಿ ಸೈನಿಕ ಆಡಳಿತ ಹೇರಿದ ಮೇಲೆ ವಿದೇಶಿಯರಿಗೆ ಆ ಪ್ರಾಂತ್ಯ ಹೆಚ್ಚುಕಡಿಮೆ ಮುಚ್ಚಿಯೇ ಹೋಗಿತ್ತು. ಅದಕ್ಕೂ ಹಿಂದೆ, 1999ರಲ್ಲಿ, ಪೂರ್ವ ಟಿಮೋರ್‌ನ ಹಿಂಸಾಚಾರ ತಡೆಯಲು ಆಸ್ಟ್ರೇಲಿಯಾ ನೇತೃತ್ವದ ಪಡೆ ಬಂದಿಳಿದಿತ್ತು. ಸ್ವಲ್ಪ ಕಾಲದಲ್ಲೇ ಪೂರ್ವ ಟಿಮೋರ್ ಪ್ರತ್ಯೇಕ ದೇಶವಾಯಿತು. ಆ ಗಾಯಕ್ಕೆ ಆರು ವರ್ಷವೂ ತುಂಬಿರಲಿಲ್ಲ. ಪೂರ್ವ ಟಿಮೋರ್‌ನಲ್ಲಿ ಇಂಡೊನೇಷ್ಯಾ ಸೈನ್ಯ ಮಾಡಿದ್ದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಆದರೆ ಅದೇ ಆಸ್ಟ್ರೇಲಿಯಾದ ಸಮವಸ್ತ್ರ ಮತ್ತೆ ತಮ್ಮ ಮಣ್ಣಿಗೆ ಕಾಲಿಟ್ಟಾಗ ಜಕಾರ್ತದ ಸೇನಾಧಿಕಾರಿಗಳಿಗೆ ಏನನ್ನಿಸಿರಬಹುದು ಎಂದು ಊಹಿಸಬಲ್ಲೆ.

ಇಷ್ಟಿದ್ದರೂ ಸುನಾಮಿ ಬಂದ ಎರಡೇ ದಿನದಲ್ಲಿ ಸರ್ಕಾರ ಅಚೇಯ ಬಾಗಿಲು ತೆರೆಯಿತು. ಜನವರಿ 1ಕ್ಕೆ ಅಮೆರಿಕದ ವಿಮಾನವಾಹಕ ನೌಕೆ ಅಬ್ರಹಾಂ ಲಿಂಕನ್ ಕರಾವಳಿಯಲ್ಲಿತ್ತು. ಪಶ್ಚಿಮ ದಂಡೆಯ ರಸ್ತೆ, ಸೇತುವೆಗಳು ಸಮುದ್ರದ ಪಾಲಾಗಿದ್ದವು, ಹೆಲಿಕಾಪ್ಟರ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಸಿಂಗಪುರದ ನೌಕೆ ಮೆಯುಲಾಬೊ ಪಟ್ಟಣದ ದಡಕ್ಕೆ ಸಾಮಾನು ಇಳಿಸಿತು. ತನ್ನ ಕರಾವಳಿಯೇ ನಲುಗಿದ್ದ ಭಾರತವೂ ನಿರುಪಕ್ ಎಂಬ ಹಡಗನ್ನು ಆಸ್ಪತ್ರೆಯಾಗಿ ಬದಲಿಸಿ ಕಳಿಸಿತು.

ಆಮೇಲೆ ಬಂದವು ಷರತ್ತುಗಳು. ಅಮೆರಿಕದ ಮರೀನ್ ಸೈನಿಕರು ಬಂದೂಕು ಹಿಡಿದು ದಡಕ್ಕೆ ಬರುವಂತಿಲ್ಲ, ನೆಲದ ಮೇಲೆ ಶಿಬಿರ ಹೂಡುವಂತಿಲ್ಲ, ಕತ್ತಲಾಗುವಷ್ಟರಲ್ಲಿ ಹಡಗಿಗೆ ಮರಳಬೇಕು. ಲಿಂಕನ್ ನೌಕೆಯದು ಇನ್ನೊಂದು ತಾಪತ್ರಯ. ಯುದ್ಧವಿಮಾನದ ಪೈಲಟ್‌ಗಳು ಕೆಲವು ವಾರ ಹಾರದೆ ಕೂತರೆ ನೌಕೆಯ ಮೇಲೆ ವಿಮಾನ ಇಳಿಸುವ ಅರ್ಹತೆ ಕಳೆದುಕೊಳ್ಳುತ್ತಾರೆ. ಅವರ ಅಭ್ಯಾಸಕ್ಕೆ ಇಂಡೊನೇಷ್ಯಾ ತನ್ನ ಆಕಾಶ ಬಿಟ್ಟುಕೊಡಲಿಲ್ಲ. ನೌಕೆ ಜಲಗಡಿಯಿಂದ ಹೊರಗೆ ಸರಿಯಿತು, ಪೈಲಟ್‌ಗಳು ಅಲ್ಲಿ ಅಭ್ಯಾಸ ಮಾಡಿದರು. ಅಕ್ಕಿ, ನೀರು ಹೊತ್ತ ಹೆಲಿಕಾಪ್ಟರ್‌ಗಳು ಮಾತ್ರ ಎಂದಿನಂತೆ ಹೋಗಿ ಬರುತ್ತಿದ್ದವು.

ನನ್ನ ಅಭಿಪ್ರಾಯ ತಿರುಗಿದ್ದು ಇಲ್ಲಿ. ಈ ಷರತ್ತುಗಳ ಭಾರ ಹೊತ್ತವರು ಯಾರು? ಬಂದೂಕು ಬಿಟ್ಟು ಬಂದ ಸೈನಿಕ, ರಾತ್ರಿ ಹಡಗಿಗೆ ಮರಳಿದ ಸೈನಿಕ, ದೂರ ಹೋಗಿ ಅಭ್ಯಾಸ ಮಾಡಿದ ಪೈಲಟ್. ಹಸಿದವನ ತಟ್ಟೆಯಿಂದ ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ಅದೇ ಜನವರಿಯಲ್ಲಿ ಇನ್ನೊಂದು ನಿಯಮ ಬಂತು: ಬಂಡಾ ಅಚೇ ಮತ್ತು ಮೆಯುಲಾಬೊ ಬಿಟ್ಟು ಹೊರಗೆ ಹೋಗುವ ನೆರವಿನ ಕಾರ್ಯಕರ್ತರು ಮೊದಲೇ ತಿಳಿಸಬೇಕು, ಅಪಾಯದ ಕಡೆ ಸೈನ್ಯದ ಬೆಂಗಾವಲು ತೆಗೆದುಕೊಳ್ಳಬೇಕು. ನೋಡಲು ಇದೂ ಸಾಧುವಾದ ನಿಯಮವೇ. ಆದರೆ ಬೆಂಗಾವಲಿಗೆ ಕಾಯುವಾಗ ಹಾಳಾಗುವುದು ಕಾರ್ಯಕರ್ತನ ಹೊತ್ತಲ್ಲ, ರಸ್ತೆಯ ಆ ತುದಿಯಲ್ಲಿ ಕೂತವನದು. ಮೊದಲಿನ ಷರತ್ತುಗಳನ್ನು ಒಪ್ಪುತ್ತೇನೆ, ಇದನ್ನು ಒಪ್ಪಲಾರೆ.

ಬಂದೂಕು ಬೇಡ ಎಂದದ್ದು ಜಕಾರ್ತದ ಹಟ ಎಂದು ಆಗ ಎಷ್ಟೋ ಜನ ಬರೆದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ವಿಕೋಪದ ಹೊತ್ತಿನಲ್ಲಿ ವಿದೇಶಿ ಸೈನ್ಯದ ಬಳಕೆ ಹೇಗಿರಬೇಕು ಎಂಬುದಕ್ಕೆ 1994ರಿಂದಲೂ ಓಸ್ಲೊ ಮಾರ್ಗಸೂಚಿಗಳಿವೆ. ನಾಗರಿಕ ವ್ಯವಸ್ಥೆಯಿಂದ ಆಗದಿದ್ದಾಗ ಮಾತ್ರ ಸೈನ್ಯ ಬರಬೇಕು, ಆ ದೇಶದ ಒಪ್ಪಿಗೆ ಬೇಕು, ಸೈನಿಕರು ನಿರಾಯುಧರಾಗಿ ತಮ್ಮ ಸಮವಸ್ತ್ರದಲ್ಲೇ ಇರಬೇಕು ಎಂಬುದು ಅದರ ತಿರುಳು. ಅದಕ್ಕೂ ಮೊದಲು, 1991ರಲ್ಲಿ, ವಿಶ್ವಸಂಸ್ಥೆಯ ಮಹಾಸಭೆ 46/182ನೇ ನಿರ್ಣಯದಲ್ಲಿ ಸಂತ್ರಸ್ತ ದೇಶದ ಸಾರ್ವಭೌಮತ್ವವನ್ನು ಗೌರವಿಸಲೇಬೇಕು ಎಂದಿತ್ತು. ದೊಡ್ಡ ದೇಶಗಳೂ ಇದಕ್ಕೆ ಹೊರತಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಕತ್ರಿನಾ ಚಂಡಮಾರುತದ ಸಂತ್ರಸ್ತರಿಗೆ ಊಟ ಹಾಕಲು ಮೆಕ್ಸಿಕೊ ಸೈನ್ಯದ ಟ್ರಕ್ಕುಗಳು ಗಡಿ ದಾಟಿ ಟೆಕ್ಸಾಸ್‌ಗೆ ಹೋದವು. 1846ರ ನಂತರ ಆ ಸೈನ್ಯ ಅಮೆರಿಕದ ನೆಲದಲ್ಲಿ ಕೆಲಸಕ್ಕೆ ಇಳಿದದ್ದು ಅದೇ ಮೊದಲು. ಅವರ ಕೈಯಲ್ಲೂ ಆಯುಧ ಇರಲಿಲ್ಲ.

ಬಂದವರೇ ಅಳತೆ ಅರಿತು ನಡೆದ ಉದಾಹರಣೆಯೂ ಇದೆ. 1991ರ ಏಪ್ರಿಲ್ 29ರ ಚಂಡಮಾರುತ ಬಾಂಗ್ಲಾದೇಶದಲ್ಲಿ ಸುಮಾರು 1.38 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಕೊಲ್ಲಿ ಯುದ್ಧ ಮುಗಿಸಿ ಮರಳುತ್ತಿದ್ದ ಅಮೆರಿಕದ ಹಡಗುಗಳು ಅತ್ತ ತಿರುಗಿದವು. ಹಗಲು ದಡದಲ್ಲಿ ದುಡಿದ ಹೆಚ್ಚಿನ ಸೈನಿಕರು ರಾತ್ರಿ ಹಡಗಿನಲ್ಲೇ ಮಲಗಿದರು. ಅಚೇಯಲ್ಲಿ ಅವಮಾನದಂತೆ ಕಂಡದ್ದು ಅಲ್ಲಿ ಸೌಜನ್ಯವಾಗಿತ್ತು.

ಹಾಗೆಂದು ಸಾರ್ವಭೌಮತ್ವದ ಹೆಸರಿನಲ್ಲಿ ಮಾಡಿದ್ದೆಲ್ಲ ಸರಿ ಎನ್ನಲು ಬಾಯಿ ಬರುವುದಿಲ್ಲ. ಮ್ಯಾನ್ಮಾರ್ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. 2008ರ ಮೇ 2ರ ರಾತ್ರಿ ನರ್ಗಿಸ್ ಚಂಡಮಾರುತ ಐರಾವತಿ ನದಿಯ ಮುಖಜ ಭೂಮಿಗೆ ನುಗ್ಗಿತು. ಸತ್ತವರು, ಕಾಣೆಯಾದವರು ಹತ್ತಿರಹತ್ತಿರ 1.4 ಲಕ್ಷ. ಅಮೆರಿಕದ ಎಸೆಕ್ಸ್ ನೌಕೆ ತನ್ನ ಹೆಲಿಕಾಪ್ಟರ್‌ಗಳ ಸಮೇತ ಕರಾವಳಿಯಾಚೆ ಕಾದು ನಿಂತಿತು. ಫ್ರಾನ್ಸಿನ ಮಿಸ್ಟ್ರಾಲ್ ಕೂಡ ಆಹಾರ ತುಂಬಿಕೊಂಡು ಬಂದಿತ್ತು. ಮುಖಜ ಭೂಮಿಯ ಹಳ್ಳಿಗಳಿಗೆ ಅಂದು ಬೇಕಿದ್ದದ್ದು ದೋಣಿ ಮತ್ತು ಹೆಲಿಕಾಪ್ಟರ್. ದೇಶ ಆಳುತ್ತಿದ್ದ ಸೇನಾ ಜನರಲ್‌ಗಳು ಬಿಡಲಿಲ್ಲ. ಯಾಂಗೂನ್ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸಿ ಹೋಗಿ ಎಂದಷ್ಟೇ ಒಪ್ಪಿದರು. ಹೆಣಗಳು ಗದ್ದೆಯಲ್ಲಿ ತೇಲುತ್ತಿರುವಾಗಲೇ, ಮೇ 10ರಂದು, ದೇಶದ ಉಳಿದ ಭಾಗಗಳಲ್ಲಿ ಸಂವಿಧಾನದ ಜನಮತಗಣನೆ ನಡೆಸಿದರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಖುದ್ದಾಗಿ ಹೋಗಿ ಸೇನಾ ಆಡಳಿತದ ಮುಖ್ಯಸ್ಥ ಥಾನ್ ಶ್ವೆ ಜೊತೆ ಮಾತಾಡಿ, ವಿದೇಶಿ ನೆರವಿನ ಕಾರ್ಯಕರ್ತರನ್ನು ಒಳಗೆ ಬಿಡುವಂತೆ ಒಪ್ಪಿಸುವಾಗ ಮೇ 23 ಆಗಿತ್ತು. ಮೂರು ವಾರ! ಮಿಸ್ಟ್ರಾಲ್ ಥಾಯ್ಲೆಂಡಿನಲ್ಲಿ ಸರಕು ಇಳಿಸಿತು. ಎಸೆಕ್ಸ್ ಜೂನ್ 5ರಂದು ಹಿಂತಿರುಗಿತು. ಆ ದಂಡೆಯ ಮೇಲೆ ಅದರ ಒಂದು ಹೆಲಿಕಾಪ್ಟರ್ ಕೂಡ ಹಾರಲಿಲ್ಲ.

ಒಪ್ಪಿಗೆ ಕೊಡದಿದ್ದರೆ ಬಲವಂತವಾಗಿಯಾದರೂ ತಲುಪಿಸೋಣ ಎಂಬರ್ಥದಲ್ಲಿ ಫ್ರಾನ್ಸಿನ ವಿದೇಶಾಂಗ ಸಚಿವ ಬರ್ನಾರ್ಡ್ ಕುಶ್ನೆರ್ ಆಗ ‘ರಕ್ಷಿಸುವ ಹೊಣೆ’ಯ ತತ್ವವನ್ನು ಎತ್ತಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತಿನಿಂದ ಒಂದು ಮೂಟೆ ಅಕ್ಕಿಯೂ ದಡ ಸೇರಲಿಲ್ಲ. ಮೊದಲೇ ಬೆದರಿದ್ದ ಆಡಳಿತಕ್ಕೆ, ನಾವು ಹೆದರಿದ್ದು ಸರಿಯೇ ಎನ್ನಲು ಒಂದು ನೆಪ ಸಿಕ್ಕಿತು, ಅಷ್ಟೆ.

ಇನ್ನೊಂದು ಸಂಗತಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಇಂಡೊನೇಷ್ಯಾದ ಬಳಿ ಸಿ-130 ಸರಕು ವಿಮಾನಗಳಿದ್ದವು. ಆದರೆ ಮಾನವ ಹಕ್ಕುಗಳ ಕಾರಣಕ್ಕೆ ಅಮೆರಿಕ ಹಾಕಿದ್ದ ನಿರ್ಬಂಧದಿಂದ ಬಿಡಿಭಾಗ ಸಿಗದೆ ಎಷ್ಟೋ ವಿಮಾನಗಳು ನೆಲ ಹಿಡಿದಿದ್ದವು. ಸುನಾಮಿ ಬಂದ ಮೇಲೆ, 2005ರ ಜನವರಿಯಲ್ಲಿ, ಬಿಡಿಭಾಗ ಕೊಡಲು ಅಮೆರಿಕ ಮುಂದಾಯಿತು. ನಿರ್ಬಂಧಕ್ಕೆ ಗಟ್ಟಿ ಕಾರಣ ಇತ್ತು, ಅಲ್ಲಗಳೆಯುವುದಿಲ್ಲ. ಆದರೂ ತನ್ನದೇ ವಿಮಾನ ಹಾರದ ದೇಶ ಪರದೇಶದ ವಿಮಾನಗಳತ್ತ ಯಾವ ಕಣ್ಣಿನಿಂದ ನೋಡೀತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ನನ್ನ ಒತ್ತಾಯ ಒಂದೇ. ಷರತ್ತುಗಳನ್ನು ಅಲೆ ಬರುವ ಮೊದಲೇ ಕೂತು ಬರೆದಿಡಿ. ಆಯುಧ ಎಲ್ಲಿರಬೇಕು, ರಾತ್ರಿ ಎಲ್ಲಿ ಮಲಗಬೇಕು, ಯಾವ ನಿಲ್ದಾಣಕ್ಕೆ ಯಾರ ವಿಮಾನ ಎಂಬುದೆಲ್ಲ ಮೊದಲೇ ತೀರ್ಮಾನವಾಗಿದ್ದರೆ, ಹೆಣ ತೇಲುವ ದಿನಗಳಲ್ಲಿ ಚೌಕಾಸಿ ಮಾಡುವ ಗತಿ ಬರುವುದಿಲ್ಲ. ಆಗ್ನೇಯ ಏಷ್ಯಾದ ದೇಶಗಳು ವಿಕೋಪ ನಿರ್ವಹಣೆಗೆ 2005ರ ಜುಲೈನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬಂದದ್ದು 2009ರ ಡಿಸೆಂಬರ್‌ನಲ್ಲಿ. ನರ್ಗಿಸ್ ಈ ಎರಡರ ನಡುವೆಯೇ ಬಂದು ಹೋಯಿತು.

ಮಾರ್ಚ್ 26ರ ಗಡುವಿನ ಕಥೆ ಹೇಳದೆ ಹೇಗೆ ಮುಗಿಸಲಿ. ಟೀಕೆ ಬಂದ ಮೇಲೆ ಸರ್ಕಾರ, ಅದು ಗಡುವಲ್ಲ, ಗುರಿ ಎಂದು ಮೆತ್ತಗಾಗಿತ್ತು. ಹೆಚ್ಚಿನ ಪಡೆಗಳು ಅದಕ್ಕೂ ಮೊದಲೇ ಹೊರಟಿದ್ದವು. ದಿನ ತುಂಬಿ ಎರಡೇ ದಿನಕ್ಕೆ, ಮಾರ್ಚ್ 28ರ ರಾತ್ರಿ, ಪಕ್ಕದ ನಿಯಾಸ್ ದ್ವೀಪದ ಬಳಿ 8.6 ತೀವ್ರತೆಯ ಭೂಕಂಪವಾಯಿತು. ಅಚೇಯಲ್ಲಿ ಕೆಲಸ ಮುಗಿಸಿ ಮನೆಯ ಕಡೆ ಮುಖ ಮಾಡಿದ್ದ ಆಸ್ಟ್ರೇಲಿಯಾದ ಕನಿಂಬ್ಲಾ ನೌಕೆ ಮತ್ತೆ ತಿರುಗಿ ಬಂತು. ಈ ಸಲ ಯಾರೂ ತಡೆಯಲಿಲ್ಲ. ಏಪ್ರಿಲ್ 2ರಂದು ಅದರ ಸೀ ಕಿಂಗ್ ಹೆಲಿಕಾಪ್ಟರ್ ನಿಯಾಸ್‌ನ ಹಳ್ಳಿಯೊಂದರ ಆಟದ ಮೈದಾನದಲ್ಲಿ ಇಳಿಯುವಾಗ ಬಿದ್ದು ಹೊತ್ತಿ ಉರಿಯಿತು. ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅವರ ಶವಪೆಟ್ಟಿಗೆಗಳು ಸಿಡ್ನಿ ತಲುಪಿದಾಗ ಇಂಡೊನೇಷ್ಯಾದ ಅಧ್ಯಕ್ಷ ಯುಧೊಯೊನೊ ಅಲ್ಲಿದ್ದರು. ಮೂರು ತಿಂಗಳು ಸಾಕು ಎಂದಿದ್ದ ಸರ್ಕಾರದ ಮುಖ್ಯಸ್ಥ, ಆ ಒಂಬತ್ತು ಮಂದಿಗೂ ತನ್ನ ದೇಶದ ಗೌರವ ಪದಕ ಅರ್ಪಿಸಿದರು.