ಅಜ್ಜಿ ಸಾಹಸಿ ಅಂದುಬಿಟ್ಟರೆ ಲೆಕ್ಕ ಚುಕ್ತಾ ಆಗಲ್ಲ

ಎಲೇನ್ ಹಾರ್ಮನ್ ತೀರಿಕೊಂಡಿದ್ದು 2015ರ ಏಪ್ರಿಲ್‌ನಲ್ಲಿ, 95ನೇ ವಯಸ್ಸಿಗೆ. ಅಮೆರಿಕದ ಸೈನಿಕರಿಗಾಗಿ ಇರುವ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಚಿತಾಭಸ್ಮಕ್ಕೆ ಜಾಗ ಸಿಕ್ಕಿದ್ದು 2016ರ ಸೆಪ್ಟೆಂಬರ್ 7ಕ್ಕೆ. ಅಲ್ಲಿಯವರೆಗೆ ಬೂದಿ ಮನೆಯ ಕಪಾಟಿನಲ್ಲೇ ಇತ್ತು. ತನ್ನನ್ನು ಆರ್ಲಿಂಗ್ಟನ್‌ನಲ್ಲೇ ಇಡಬೇಕು ಅಂತ ಅಜ್ಜಿ ಕೈಯಾರೆ ಬರೆದಿಟ್ಟು ಹೋಗಿದ್ದರು. ಅದೊಂದು ಆಸೆ ತೀರಿಸೋಕೆ ಮೊಮ್ಮಕ್ಕಳು ಸಹಿ ಸಂಗ್ರಹಿಸಿ, ಸಂಸದರ ಬಾಗಿಲು ತಟ್ಟಿ, ಒಂದು ಕಾನೂನನ್ನೇ ಮಾಡಿಸಬೇಕಾಯಿತು.

ಹಾರ್ಮನ್ ಎರಡನೇ ಮಹಾಯುದ್ಧದ ಕಾಲದ ‘ವಾಸ್ಪ್’ ಪೈಲಟ್. ಅಮೆರಿಕದ ಸೇನೆಯ ವಿಮಾನಗಳನ್ನು ಹಾರಿಸಿದ ಹೆಣ್ಣುಮಕ್ಕಳ ದಳ ಅದು. ಅರ್ಜಿ ಹಾಕಿದವರು 25,000ಕ್ಕೂ ಹೆಚ್ಚು, ಆಯ್ಕೆಯಾದವರು 1,830, ಟೆಕ್ಸಾಸಿನಲ್ಲಿ ತರಬೇತಿ ಮುಗಿಸಿ ಹೊರಬಿದ್ದವರು 1,074. ಕೆಲಸದಲ್ಲೇ ಪ್ರಾಣ ಕಳಕೊಂಡವರು 38 ಮಂದಿ.

ಇಂಥ ಅಜ್ಜಿಯರು ಹೋದಾಗ ಬರುವ ಶ್ರದ್ಧಾಂಜಲಿಗಳನ್ನು ನೋಡಿ. ಎಲ್ಲದರಲ್ಲೂ ಅದೇ ಮಾತು: ದಿಟ್ಟೆ, ಸಾಹಸಿ, ಭಯವೇ ಇಲ್ಲದವರು. ನನಗೆ ಈ ಹೊಗಳಿಕೆ ಮೇಲೆ ತಕರಾರಿದೆ. ಸಾಹಸ ಅಂದಕೂಡಲೇ ಅದೇನೋ ಹುಮ್ಮಸ್ಸಿಗೆ ಮಾಡಿದ್ದು ಅನ್ನಿಸುತ್ತೆ. ಅವರು ಮಾಡಿದ್ದು ನೌಕರಿ, ತಿಂಗಳಿಗೆ 250 ಡಾಲರ್ ಸಂಬಳಕ್ಕೆ. ಅದರ ಕಸುಬು ಎಂಥದು ಅಂತ ಯಾರೂ ಬರೆಯಲ್ಲ.

ಬರೀ ಇಳಿಸೋದನ್ನೇ ತಗೊಳ್ಳಿ. ಆಗಿನ ಎಟಿ-6, ಬಿಟಿ-13ರಂಥ ತರಬೇತಿ ವಿಮಾನಗಳಿಗೆ ಮೂರನೇ ಚಕ್ರ ಬಾಲದಡಿ ಇರುತ್ತಿತ್ತು. ವಿಮಾನದ ಭಾರದ ಕೇಂದ್ರ ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ. ಹಾಗಾಗಿ ನೆಲ ಮುಟ್ಟಿದ ಮೇಲೆ ಮೂತಿ ಚೂರು ಓರೆಯಾದರೂ ಹಿಂಭಾಗ ತಾನೇ ಮುಂದೆ ಬರೋಕೆ ನುಗ್ಗುತ್ತೆ, ಓರೆ ಇನ್ನೂ ಹೆಚ್ಚುತ್ತೆ. ಬಾಲದ ಚುಕ್ಕಾಣಿ, ಅಂದರೆ ರಡ್ಡರ್‌ನ ಪೆಡಲ್ ತುಳಿಯೋದು ಒಂದು ಕ್ಷಣ ತಡವಾದರೆ ವಿಮಾನ ಗಿರಕಿ ಹೊಡೆದು ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತೆ. ವೇಗ ಇಳಿದಷ್ಟೂ ರಡ್ಡರ್‌ಗೆ ಸಿಗುವ ಗಾಳಿ ಕಮ್ಮಿ, ಅದರ ಹಿಡಿತವೂ ಕಮ್ಮಿ. ‘ಇಳಿದಾಯ್ತಲ್ಲ’ ಅಂತ ಕಾಲು ಸಡಿಲ ಬಿಟ್ಟಾಗಲೇ ಎಡವಟ್ಟಾಗೋದು.

ಪಿ-47 ಯುದ್ಧವಿಮಾನಕ್ಕೆ ಒಂದೇ ಸೀಟು, 2,000 ಅಶ್ವಶಕ್ತಿಯ ಎಂಜಿನ್. ಪಕ್ಕದಲ್ಲಿ ಕೂತು ಹೇಳಿಕೊಡೋಕೆ ಜಾಗವೇ ಇಲ್ಲ, ಮೊದಲ ಹಾರಾಟವೇ ಒಂಟಿ ಹಾರಾಟ. ಅದಕ್ಕೆ ಮುಂಚೆ ಕೈಪಿಡಿ ಬಾಯಿಪಾಠ ಮಾಡಿ, ನೆಲದ ಮೇಲೆ ನಿಂತ ವಿಮಾನದಲ್ಲಿ ಕಣ್ಣು ಕಟ್ಟಿಕೊಂಡು ಕೂತು, ಯಾವ ಸ್ವಿಚ್ ಎಲ್ಲಿದೆ ಅಂತ ಕೈಗೆ ರೂಢಿ ಮಾಡಿಸಬೇಕು. ಮೂತಿ ಎಷ್ಟು ಎತ್ತರ ಅಂದರೆ ರನ್‌ವೇ ಕಡೆ ಹೋಗುವಾಗ ಎದುರಿಗೇನೂ ಕಾಣಲ್ಲ. ಎಡಕ್ಕೆ ಬಲಕ್ಕೆ ಹಾವಿನಂತೆ ಹೊರಳಿಸುತ್ತ, ಪಕ್ಕದಿಂದ ಇಣುಕುತ್ತ ಹೋಗಬೇಕು. ಕಾರ್ಖಾನೆಯಿಂದ ಹೊರಬಂದ ಇಂಥ ವಿಮಾನಗಳನ್ನು ಬಂದರಿಗೆ ಮುಟ್ಟಿಸಿದವರಲ್ಲಿ ವಾಸ್ಪ್‌ಗಳೂ ಇದ್ದರು.

ಇನ್ನೊಂದು ಕೆಲಸ ಗುರಿ ಎಳೆಯೋದು. ವಿಮಾನದ ಹಿಂದೆ ಉದ್ದದ ಕೇಬಲ್, ಅದರ ತುದಿಗೆ ಬಟ್ಟೆಯ ಚೀಲ. ಕೆಳಗಿನ ಗನ್ನರ್‌ಗಳು ಅದಕ್ಕೆ ನಿಜವಾದ ಗುಂಡು ಹಾರಿಸಿ ಕಲಿಯಬೇಕು. ಗುಂಡಿನ ತುದಿಗೆ ಬೇರೆ ಬೇರೆ ಬಣ್ಣ ಬಳಿದಿರುತ್ತಿದ್ದರು, ಆಮೇಲೆ ತೂತಿನ ಅಂಚಿನ ಬಣ್ಣ ನೋಡಿ ಯಾರದು ತಾಗಿತು ಅಂತ ಲೆಕ್ಕ ಹಾಕೋಕೆ. ಪೈಲಟ್ ಎತ್ತರ, ವೇಗ, ದಿಕ್ಕು ಮೂರನ್ನೂ ಕದಲಿಸುವಂತಿಲ್ಲ. ಗನ್ನರ್ ಹೊಸಬ, ಲೆಕ್ಕಾಚಾರ ತಪ್ಪಿದರೆ ಗುಂಡು ಬಾಲಕ್ಕೇ. ತೂತುಬಿದ್ದ ಬಾಲ ಹೊತ್ತು ಇಳಿದ ವಿಮಾನಗಳೂ ಇವೆ.

ಇಷ್ಟೆಲ್ಲ ಮಾಡಿಯೂ ಕಾಗದದಲ್ಲಿ ಅವರು ನಾಗರಿಕ ನೌಕರರು. ಸತ್ತರೆ ಶವಪೆಟ್ಟಿಗೆಗೆ ಬಾವುಟ ಇಲ್ಲ, ಶವ ಊರಿಗೆ ಕಳಿಸೋಕೆ ಸರ್ಕಾರದ ದುಡ್ಡಿಲ್ಲ. ಜತೆಗಾತಿಯರೇ ಚಂದಾ ಎತ್ತುತ್ತಿದ್ದರು. 1944ರ ಡಿಸೆಂಬರ್ 20ಕ್ಕೆ ದಳ ಮುಚ್ಚಿತು. ಮಾಜಿ ಸೈನಿಕರ ಸ್ಥಾನ ಸಿಕ್ಕಿದ್ದು 1977ರ ನವೆಂಬರ್‌ನಲ್ಲಿ. ಆ ಹೋರಾಟದಲ್ಲಿ ದೊಡ್ಡ ಕೆಲಸ ಮಾಡಿದ್ದು ಸೇವೆ ಮುಗಿದಾಗ ಕೊಟ್ಟಿದ್ದ, ಹಳೇ ಪೈಲಟ್ ಒಬ್ಬರು ಜೋಪಾನ ಮಾಡಿದ್ದ ಬಿಡುಗಡೆ ಪತ್ರ. ಅದರ ಒಕ್ಕಣೆ ಗಂಡಸು ಸೈನಿಕರಿಗೆ ಕೊಡುತ್ತಿದ್ದ ಪತ್ರದಂತೆಯೇ ಇತ್ತು. ಸಂಸತ್ ಸಮಿತಿಯ ಮುಂದೆ ಸಾವಿರ ಧೈರ್ಯದ ಕಥೆಗಿಂತ ಆ ಒಂದು ಹಾಳೆಗೆ ತೂಕ ಜಾಸ್ತಿ.

ಅಲ್ಲಿಗೂ ಮುಗಿಯಲಿಲ್ಲ. ಆರ್ಲಿಂಗ್ಟನ್ ನಡೆಸೋದು ಸೇನಾ ಇಲಾಖೆ, ಮಾಜಿ ಸೈನಿಕರ ಇಲಾಖೆಯಲ್ಲ. 1977ರ ಕಾನೂನು ನಮಗೆ ಅನ್ವಯಿಸಲ್ಲ ಅಂತ 2015ರಲ್ಲಿ ಸೇನಾ ಇಲಾಖೆ ಕೈತೊಳೆದುಕೊಂಡಿತು. 2016ರ ಮೇ 20ರಂದು ಬಂದ ಹೊಸ ಕಾನೂನೂ ಜಾಗ ಕೊಟ್ಟಿದ್ದು ಚಿತಾಭಸ್ಮಕ್ಕೆ, ದೇಹ ಹೂಳೋಕಲ್ಲ. ಇದನ್ನು ಗೆಲುವು ಅಂತ ಬರೆದ ಪತ್ರಿಕೆಗಳಲ್ಲಿ ಎಷ್ಟು ಈ ಸಾಲನ್ನು ಬರೆದವೋ.

ಮನೆಯಲ್ಲಿ ಇಂಥ ಹಿರಿಯರಿದ್ದರೆ ‘ಹೆದರಿಕೆ ಆಗಲಿಲ್ವಾ ಅಜ್ಜಿ’ ಅನ್ನೋ ಪ್ರಶ್ನೆ ಸಾಕು ಮಾಡಿ. ಯಾವ ನೆಲೆ, ಯಾವ ಯಂತ್ರ, ಯಾವ ತಾರೀಖಿಂದ ಎಲ್ಲಿಯವರೆಗೆ, ಮೇಲಧಿಕಾರಿ ಯಾರು ಅಂತ ಕೇಳಿ ಬರೆದುಕೊಳ್ಳಿ. ಹಳೇ ಫೋಟೋದ ಹಿಂದೆ ಪೆನ್ನಲ್ಲಿ ಗೀಚಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತೆ. ಮೆದು ಪೆನ್ಸಿಲ್ ಸಾಕು. ಬಿಡುಗಡೆ ಪತ್ರ, ಲಾಗ್‌ಬುಕ್ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿ. ಲ್ಯಾಮಿನೇಷನ್ ಮಾತ್ರ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಕಾಗದ ಹರಿಯದೆ ತೆಗೆಯೋಕಾಗಲ್ಲ.