ಸತ್ಯಾಂಶ: ರ‍್ಯಾಮ್ ಹಾಕಿಸಿದರೆ ವಿಮಾನ ಸಲೀಸಾಗಿ ಹಾರುತ್ತಾ?

"ರ‍್ಯಾಮ್ 64 ಜಿಬಿ ಮಾಡಿಸಿ, ಫ್ಲೈಟ್ ಸಿಮ್ಯುಲೇಟರ್ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ" ಎಂಬ ಫಾರ್ವರ್ಡ್ ಪೂರ್ತಿ ನಿಜವಲ್ಲ. (ಫ್ಲೈಟ್ ಸಿಮ್ಯುಲೇಟರ್ ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ, ರ‍್ಯಾಮ್ ಅಂದರೆ ಕಂಪ್ಯೂಟರ್‌ನ ತಾತ್ಕಾಲಿಕ ಮೆಮೊರಿ.) 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಕಂಪನಿಯೇ ಶಿಫಾರಸು ಮಾಡಿದ್ದು 16 ಜಿಬಿ, ಇನ್ನೂ ಚೆನ್ನಾಗಿರಲಿ ಅಂದರೆ 32. ಈಗ 8 ಇದ್ದವರಿಗೆ ಲಾಭ ಖಂಡಿತ. 32 ಇದ್ದವರಿಗೆ ಸಾಮಾನ್ಯವಾಗಿ ಸುಮ್ನೆ ದುಡ್ಡು ದಂಡ.

ದೊಡ್ಡ ಊರಲ್ಲಿ ಇಳಿಯುವಾಗ ಚಿತ್ರ ತಡವರಿಸುತ್ತದೆ ಅಲ್ವಾ? ಅಲ್ಲಿ ಹೆಚ್ಚಾಗಿ ಸುಸ್ತಾಗುವುದು ಪ್ರೊಸೆಸರ್. ಅದರಲ್ಲಿ ಎಷ್ಟೇ ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೂ ಮುಖ್ಯ ಹೊರೆ ಒಂದರ ಮೇಲೇ ಬೀಳುತ್ತದೆ. ಆಟದ ಡೆವಲಪರ್ ಮೋಡ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ತೋರಿಸುವ ಆಯ್ಕೆ ಒತ್ತಿ ನೋಡಿ. 'ಲಿಮಿಟೆಡ್ ಬೈ ಮೇನ್‌ಥ್ರೆಡ್' ಅಂತ ಬಂದರೆ ಪ್ರೊಸೆಸರ್‌ಗೇ ಸುಸ್ತು ಅಂತ ಅರ್ಥ; ಆಗ ಸೆಟ್ಟಿಂಗ್ಸ್‌ನಲ್ಲಿ 'ಟೆರೇನ್ ಲೆವೆಲ್ ಆಫ್ ಡಿಟೇಲ್' (ನೆಲದ ಚಿತ್ರ ಎಷ್ಟು ವಿವರವಾಗಿರಬೇಕು ಎಂಬುದು) 200ರಿಂದ 100ಕ್ಕೆ ಇಳಿಸಿ. ದೂರದ ಬೆಟ್ಟ ಸ್ವಲ್ಪ ಮಸುಕಾಗಬಹುದು. ರನ್‌ವೇ ಹುಡುಕುವ ಹೊತ್ತಲ್ಲಿ ಬೆಟ್ಟ ಯಾರು ನೋಡುತ್ತಾರೆ! 'ಜಿಪಿಯು' (ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್) ಅಂತ ಬಂದರೆ ಮಾತ್ರ ರೆಂಡರ್ ಸ್ಕೇಲಿಂಗ್ (ಚಿತ್ರದ ಸ್ಪಷ್ಟತೆ) ಕಡಿಮೆ ಮಾಡಿ.